ಸಾಂತರೆಂ ಹೌದೆಂದಿತು

ರೈಮುಂಡೊ ಲ್ಯಾಪ್‌ಟಾಪನ್ನು ಟೀವಿಗೆ ಜೋಡಿಸಿ, ದನಿ ಏರಿಸಿ, ಮತ್ತೆ ಇಳಿಸಿ, ಸೋಫಾದ ಮೇಲೆ ಕೂರಲಾರದೆ ಎದ್ದು ನಿಂತ. ಬ್ರೆಜಿಲ್‌ನಲ್ಲಿ ಮತದಾನ ಮುಗಿದು ಎಣಿಕೆ ಶುರುವಾಗುವುದರಲ್ಲಿತ್ತು. ಹೊರಗೆ ವಾರೆನ್‌ನಲ್ಲಿ ನೀರು ಹೆಪ್ಪುಗಟ್ಟುವ ಚಳಿ. ಒಳಗೆ ಅವನು ಅಂಗಿಯ ತೋಳು ಮಡಚಿಕೊಂಡು ಬೆವರುತ್ತಿದ್ದ.

ಅವನ ಊರು ಸಾಂತರೆಂ, ಅಮೆಜಾನ್ ದಡದ ಪಟ್ಟಣ. ಅದಿರುವ ಪಾರಾ ರಾಜ್ಯವನ್ನು ಮೂರು ಮಾಡಬೇಕೋ ಬೇಡವೋ ಎಂದು ಆ ಭಾನುವಾರ ಅಲ್ಲಿನ ಜನರನ್ನೇ ಕೇಳಿದ್ದರು. ‘ಹೌದು’ ಗೆದ್ದರೆ ಪಶ್ಚಿಮ ಭಾಗ ತಪಜೋಸ್ ಎಂಬ ಹೊಸ ರಾಜ್ಯವಾಗಿ, ಸಾಂತರೆಂ ಅದರ ರಾಜಧಾನಿಯಾಗುತ್ತಿತ್ತು. ಆದರೆ ಮತ ಹಾಕುವುದು ಇಡೀ ರಾಜ್ಯ. ಜನ ಹೆಚ್ಚಿರುವುದೋ ಈಗಿನ ರಾಜಧಾನಿ ಬೆಲೆಂನ ಸುತ್ತಮುತ್ತ.

ಶಿವಾನಿ ಅಡುಗೆಮನೆಯಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಆನ್ ಆರ್ಬರ್‌ನಲ್ಲಿ ಒಟ್ಟಿಗೆ ಓದಿ, ಮದುವೆಯಾಗಿ, ಇಬ್ಬರೂ ವಾರೆನ್‌ನಲ್ಲಿ ಕಾರುಗಳ ವಿನ್ಯಾಸದ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಸಾಂತರೆಂನಲ್ಲಿ ಹೊಸದಾಗಿ ತೆರೆದ ಕಾಲೇಜೊಂದು ಅವನನ್ನು ಪಾಠ ಮಾಡಲು ಕರೆದಾಗ ಅವಳು, ರಾಜ್ಯ ಆದರೆ ಹೋಗೋಣ ಎಂದಿದ್ದಳು. ಆಗುವುದಿಲ್ಲ ಎಂದು ಪತ್ರಿಕೆಗಳೆಲ್ಲ ಬರೆದಿದ್ದವು, ಆ ಧೈರ್ಯದ ಮೇಲೆ. ಅವನು ಅದನ್ನು ಮಾತು ಕೊಟ್ಟಂತೆ ತೆಗೆದುಕೊಂಡ. ಅಂದಿನಿಂದ ಊರಿನ ಗೆಳೆಯರಿಗೆಲ್ಲ ಫೋನು, ಬೆಲೆಂನ ಸೋದರತ್ತೆಯೊಡನೆ ಜಗಳ.

ಶಿವಾನಿಯ ತಂದೆ ಶರಣಪ್ಪ ಕಲಬುರ್ಗಿಯಲ್ಲಿ ಹೈಸ್ಕೂಲು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಮಗಳ ಮದುವೆಗೆ ಬಂದಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ, ಬಿ.ಪಿ. ಇದೆ ಎಂದು ಉಳಿದುಬಿಟ್ಟಿದ್ದರು. ಈಗ ಮೊದಲ ಸಲ ಬಂದು ಎರಡು ತಿಂಗಳಾದರೂ ಅಳಿಯನಿಗೂ ಅವರಿಗೂ ಗುಡ್ ಮಾರ್ನಿಂಗ್, ಥ್ಯಾಂಕ್ಯೂಗಳ ಆಚೆ ಮಾತು ಬೆಳೆದಿರಲಿಲ್ಲ. ಅಂದು ಬೆಳಿಗ್ಗೆ ಮಾತ್ರ, ಇವನಿಗೆ ಏನಾಗಿದೆ ಎಂದು ಮಗಳನ್ನು ಕೇಳಿದರು. ಅವಳು ವಿವರಿಸಿದಳು.

"ಅವರೂರಿಂದ ರಾಜಧಾನಿ ಎಷ್ಟ್ ದೂರ ಅದ?" ಎಂದರು.

"ಹಡಗಿನ್ಯಾಗ ಎರಡು ಮೂರು ದಿನ ಅಪ್ಪಾ. ದೊಡ್ಡ ದವಾಖಾನೆ ಬೇಕಂದ್ರ ಅಷ್ಟು ದೂರ ಹೋಗಬೇಕು."

ಸಂಬಳದ ಒಂದು ಸಣ್ಣ ತಪ್ಪು ತಿದ್ದಿಸಲಿಕ್ಕೆ ಶರಣಪ್ಪ ರಾತ್ರಿಯಿಡೀ ರೈಲಿನಲ್ಲಿ ಕೂತು ಬೆಂಗಳೂರಿಗೆ ಹೋಗಿ, ಸಾಹೇಬರು ರಜೆಯಲ್ಲಿದ್ದಾರೆಂದು ಕೇಳಿಸಿಕೊಂಡು ಅದೇ ಸಂಜೆ ರೈಲು ಹತ್ತಿ ಬಂದದ್ದನ್ನು ಶಿವಾನಿ ಚಿಕ್ಕಂದಿನಲ್ಲಿ ಕಂಡಿದ್ದಳು. ಎಣಿಕೆಯ ಹೊತ್ತಿಗೆ ಅವರು ಕಿಟಕಿಯ ಪಕ್ಕದ ತಮ್ಮ ಕುರ್ಚಿಯನ್ನು ತಾವೇ ಎಳೆದು ತಂದು ಟೀವಿಯ ಮುಂದೆ ಹಾಕಿಕೊಂಡರು.

ಎದುರು ಮನೆಯ ಜಯಸಿಂಹ ಬಿಸಿಬೇಳೆ ಭಾತಿನ ಡಬ್ಬಿ ಕೊಡಲು ಬಂದವರು ಗಲಾಟೆ ನೋಡಿ ಕೂತರು. ಮೈಸೂರಿನವರು, ಹೃದಯದ ಡಾಕ್ಟರು, ಯಾವ ವಿಷಯಕ್ಕೂ ಅವರಲ್ಲಿ ಒಂದು ಅಭಿಪ್ರಾಯ ಇರುತ್ತಿತ್ತು. "ಒಂದು ಸ್ಟೇಟನ್ನ ಮೂರು ಮಾಡಿದ್ರೆ ಮೂರಕ್ಕೂ ಏನೂ ಉಳಿಯಲ್ಲ ಸರ್. ಇವತ್ತು ಇವರು, ನಾಳೆ ನಿಮ್ಮ ಕಡೆಯವರೂ ಶುರು ಮಾಡ್ತಾರೆ."

"ನಮ್ಮನ್ಯಾರ್ ಕೇಳ್ಯಾರ್ರೀ?" ಎಂದರು ಶರಣಪ್ಪ, ಟೀವಿಯಿಂದ ಕಣ್ಣು ತೆಗೆಯದೆ. "ಒಡೀಬೇಕು ಅಂತ ನಾ ಅನ್ನೂದಿಲ್ಲ. ಖರೆ ಇವರನ್ನ ಕೇಳ್ಯಾರಲ್ಲ, ಅದು ದೊಡ್ಡದು."

ಅಷ್ಟರಲ್ಲಿ ಸ್ಕೈಪ್‌ನಲ್ಲಿ ರೈಮುಂಡೊನ ತಾಯಿ ಡೋನ ಲೂಸಿಮಾರ್ ಕಾಣಿಸಿಕೊಂಡರು. ಕೆನ್ನೆಯ ಮೇಲೆ ಬಣ್ಣ, ಹೆಗಲಿಗೆ ತಪಜೋಸ್ ಬಾವುಟ. ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಂತದ್ದನ್ನು, ಮಂಡಿನೋವಿನ ಅಕ್ಕನನ್ನು ಮೋಟರ್‌ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದದ್ದನ್ನು ಒಂದೇ ಉಸಿರಿಗೆ ಹೇಳಿದರು. ಹಿನ್ನೆಲೆಯಲ್ಲಿ ಡ್ರಮ್ಮಿನ ಸದ್ದಿಗೆ ಸ್ಪೀಕರು ಗರಗರಗುಟ್ಟಿತು. ರೈಮುಂಡೊ ಇಂಗ್ಲಿಷಿಗೆ, ಶಿವಾನಿ ಕನ್ನಡಕ್ಕೆ ಅದನ್ನು ದಾಟಿಸಿದರು. ಹೇಳುತ್ತ ಹೇಳುತ್ತ ತನ್ನ ದನಿಯೂ ಏರಿದ್ದು ಶಿವಾನಿಗೆ ತಿಳಿಯಲಿಲ್ಲ.

ಮೊದಲ ಅಂಕಿಗಳು ಬಂದವು. ‘ಇಲ್ಲ’ ಮುಂದಿತ್ತು. ಅದು ಬೆಲೆಂ, ನಮ್ಮದು ಇನ್ನೂ ಬಂದಿಲ್ಲ ಎಂದ ರೈಮುಂಡೊ. ಪಶ್ಚಿಮದ ಊರೊಂದು ಬಂತು, ಪೂರಾ ಹೌದು. ಇನ್ನೊಂದು ಬಂತು. ಶರಣಪ್ಪ ಕುರ್ಚಿಯ ತುದಿಗೆ ಸರಿದರು. ‘ಹೌದು’ ಮತಗಳ ಹಸಿರು ಪಟ್ಟಿ ಸ್ವಲ್ಪ ಉದ್ದವಾದಾಗ ಜಯಸಿಂಹರೇ ತೊಡೆ ತಟ್ಟಿ "ಬರ್ತಾ ಇದೆ, ಬರ್ತಾ ಇದೆ" ಎಂದರು. ತಾನು ಯಾವುದನ್ನು ಬೇಡುತ್ತಿದ್ದೇನೆಂದು ಶಿವಾನಿಗೇ ಖಚಿತವಿರಲಿಲ್ಲ.

ಪಟ್ಟಿ ಅಲ್ಲಿಗೇ ನಿಂತಿತು. ಬೆಲೆಂನ ಮತಗಳು ರಾಶಿ ರಾಶಿಯಾಗಿ ಬಿದ್ದವು. ಮೂರರಲ್ಲಿ ಎರಡು ಪಾಲು ಇಲ್ಲ ಎಂದಿತ್ತು. ರಾಜ್ಯ ಒಡೆಯಲಿಲ್ಲ.

ರೈಮುಂಡೊ ಟೀವಿಗೆ ಬೆನ್ನು ಮಾಡಿ ನಿಂತ. ಶಿವಾನಿ ಬಯಸಿದ್ದೇ ಆಗಿತ್ತು. ಆದರೂ ಅವಳು ಟೀವಿಯ ಹತ್ತಿರ ಬಂದು ಇನ್ನೂ ಲೆಕ್ಕ ಬಾರದ ಊರುಗಳನ್ನು ಹುಡುಕಿದಳು. ಆಮೇಲೆ ಸಾಂತರೆಂನ ಕೊನೆಯ ಲೆಕ್ಕ ತೆರೆಯ ಮೇಲೆ ಬಂತು. ನೂರಕ್ಕೆ ತೊಂಬತ್ತೆಂಟು, ಹೌದು.

"ನೂರಕ್ಕ ತೊಂಬತ್ತೆಂಟ?" ಎನ್ನುತ್ತ ಶರಣಪ್ಪ ಎದ್ದರು. ಅಳಿಯನ ಹತ್ತಿರ ಹೋಗಿ ಅವನ ಭುಜ ಹಿಡಿದು ತಿರುಗಿಸಿದರು. "ಇವನಿಗಿ ಹೇಳವ್ವಾ. ಒಂದೂರಿಗೆ ಊರೇ ಒಂದು ಮಾತು ಆಡೂದು ನಾ ಜನ್ಮದಾಗ ನೋಡಿಲ್ಲ. ಸೋತಾರ ಅಂತ ಯಾವನಂದಾನ?"

ಶಿವಾನಿ ಅದನ್ನು ಇಂಗ್ಲಿಷಿಗೆ ತರಲು ಹೋಗಿ ಅರ್ಧಕ್ಕೆ ನಿಂತಳು. ಕಾಲೇಜಿಗೆ ಉತ್ತರ ಬರೆದಿದ್ದೀಯಾ ಎಂದು ಗಂಡನನ್ನು ಕೇಳಿದಳು. ಇಲ್ಲ, ರಾಜ್ಯ ಆಗಲಿಲ್ಲವಲ್ಲ ಎಂದ ಅವನು.

ಬರುತ್ತೇವೆಂದು ಬರೆ ಎಂದಳು ಶಿವಾನಿ. ರಾಜ್ಯ ಆಗದಿದ್ದರೇನು, ಊರು ಎಲ್ಲೂ ಹೋಗಿಲ್ಲವಲ್ಲ, ಮುಂದಿನ ಬೇಸಿಗೆಗೆ ಹೊರಡೋಣ ಎಂದಳು. ಅವನು ತಮಾಷೆಯೋ ಎಂಬಂತೆ ನೋಡಿದ. ಅವಳು ನಗಲಿಲ್ಲ. ಅವನು ಅವಳ ಎರಡೂ ಕೈ ಹಿಡಿದುಕೊಂಡು ಯಾವ ಭಾಷೆಯದೂ ಅಲ್ಲದ ಒಂದು ಸದ್ದು ಮಾಡಿದ. ಜಯಸಿಂಹ ಭಾತಿನ ಡಬ್ಬಿ ತೆರೆದು, ತಟ್ಟೆ ಎಲ್ಲಿವೆ ಎಂದು ಅಡುಗೆಮನೆಗೆ ನಡೆದರು.

ತೆರೆಯ ಮೂಲೆಯಲ್ಲಿ ಡೋನ ಲೂಸಿಮಾರ್ ಇನ್ನೂ ಇದ್ದರು. ಕೆನ್ನೆಯ ಬಣ್ಣ ಕಣ್ಣೀರಿಗೆ ಕದಡಿತ್ತು. ಅಲ್ಲಿ ಹೊರಗಿನ ಡ್ರಮ್ಮುಗಳು ನಿಂತಿರಲಿಲ್ಲ. ಶರಣಪ್ಪ ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದುಕೊಂಡು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕೂತರು.

"ಬೀಗರೇ," ಎಂದರು, "ಊಟಾ ಆತೇನ್ರಿ?"

ಆಕೆ ಕಣ್ಣೊರೆಸಿಕೊಂಡು ಪೋರ್ಚುಗೀಸಿನಲ್ಲಿ ಉದ್ದಕ್ಕೆ ಏನೋ ಹೇಳತೊಡಗಿದರು. ಶರಣಪ್ಪ ತಲೆ ಆಡಿಸುತ್ತ ಕೇಳುತ್ತಿದ್ದರು. ಯಾರೂ ಅನುವಾದ ಮಾಡಲಿಲ್ಲ.