ಎಸ್ತೇರ್ ಸಿಸ್ಟರ್ ಕಿಸೆಯ ಟಾರ್ಚು

ನಾನು ಒಂದು ಪೆನ್ ಟಾರ್ಚು. ಬೆರಳಿನಷ್ಟು ದಪ್ಪ, ಗೇಣಿಗಿಂತ ಗಿಡ್ಡ. ದೂರದ ಒಂದು ಕಾರಖಾನೆಯಲ್ಲಿ ತಗಡು ಸುತ್ತಿ, ಒಳಗೆ ಸುರುಳಿ ತಂತಿಯಿಟ್ಟು, ತಲೆಗೆ ಕಡಲೆಕಾಳಿನಷ್ಟು ಬಲ್ಬು ಕೂಡಿಸಿ ನನ್ನನ್ನು ಮಾಡಿದರು. ಜೊತೆಯವರಲ್ಲಿ ಕೆಲವರು ಗಡಿಯಾರ ರಿಪೇರಿಯ ಅಂಗಡಿ ಸೇರಿದರು. ಕೆಲವರು ಸಿನಿಮಾ ಮಂದಿರದಲ್ಲಿ ಕುರ್ಚಿ ತೋರಿಸಲು ಹೋದರು. ನನ್ನನ್ನು ಕೊಂಡವನು ಡಾಕ್ಟರಿಕೆ ಕಲಿಯುವ ಒಬ್ಬ ವಿದ್ಯಾರ್ಥಿ. ಅವನು ನನ್ನಿಂದ ಮಂಚದ ಕೆಳಗೆ ಚಪ್ಪಲಿ ಹುಡುಕಿ, ಮಕ್ಕಳ ವಾರ್ಡಿನ ಕಿಟಕಿಯಲ್ಲಿ ನನ್ನನ್ನು ಮರೆತುಹೋದ.

ಆ ವಾರ್ಡಿನ ಎಸ್ತೇರ್ ಸಿಸ್ಟರ್ ನಾಲ್ಕು ದಿನ ಅವನನ್ನು ಹುಡುಕಿದರು.

"ನೀವ ಇಟ್ಕೊಳ್ರಿ ಸಿಸ್ಟರ್," ಎಂದ ಅವನು, "ನನ್ನ ಕೈಯಾಗ ಇದು ಮತ್ತ ಕಳೀತದ."

"ನಿಮ್ಮ ಕೊರಳಾಗ ಸ್ಟೆತಸ್ಕೋಪ್ ಉಳದದ್ದ ದೇವರ ದಯಾ," ಎಂದು ಅವರು ನನ್ನನ್ನು ಕಿಸೆಗೆ ಸಿಕ್ಕಿಸಿಕೊಂಡರು.

ಅದು ತಲೆಗೆ ಪೆಟ್ಟು ಬಿದ್ದ ಮಕ್ಕಳ ವಾರ್ಡು. ಗಂಟೆಗೊಮ್ಮೆ ಸಿಸ್ಟರ್ ಮಗುವಿನ ರೆಪ್ಪೆ ಎತ್ತಿ ನನ್ನನ್ನು ಹಿಡಿಯುತ್ತಿದ್ದರು. ಬೆಳಕಿಗೆ ಕಣ್ಣಿನ ಪಾಪೆ ಕುಗ್ಗಿದರೆ ಒಳ್ಳೆಯದು. ಒಂದು ಪಾಪೆ ಅಗಲವಾಗಿ ಕುಗ್ಗದೆ ನಿಂತಿತೋ, ತಲೆಯೊಳಗೆ ರಕ್ತ ಕೂಡಿ ಮಿದುಳನ್ನು ಒತ್ತುತ್ತಿದೆ ಎಂದು ಅಂಜಬೇಕು. ಪ್ರಜ್ಞೆಯಿಲ್ಲದ ಮಕ್ಕಳನ್ನೂ ಅವರು ಹೆಸರು ಹಿಡಿದು ಮಾತಾಡಿಸುತ್ತಿದ್ದರು. "ಈರಣ್ಣಾ, ಈಗ ಎಡಮಗ್ಗಲಕ್ಕ ಹೊಳ್ಳಸ್ತೀನಪಾ."

"ಅವಗ ಎಲ್ಲಿ ಕೇಳಸ್ತದ ಸಿಸ್ಟರ್?" ಎಂದು ಹೊಸ ನರ್ಸೊಬ್ಬಳು ನಕ್ಕಳು.

"ಕೇಳಸೂದಿಲ್ಲಂತ ಅವ ನಿನಗ ಹೇಳ್ಯಾನೇನು?"

ಹಾಗೆ ಆರು ವರುಷ ಕಳೆದವು. ಒಮ್ಮೆ ಸಾವಂತ್ರಿ ಎಂಬ ಏಳು ವರುಷದ ಹುಡುಗಿ ಟಂಟಂ ಗಾಡಿಯಿಂದ ಬಿದ್ದು ಬಂದಳು. ಬಲಹಣೆ ಬಾತಿತ್ತು. ಸ್ಕ್ಯಾನಿನಲ್ಲಿ ಮಿದುಳಿನ ಬದಿಗೆ ತುಸು ರಕ್ತ ಕಂಡಿತ್ತು. ತಾಯಿ ಹಸಿ ಬಾಣಂತಿ. ಆದ್ದರಿಂದ ಅಜ್ಜಿ ನೀಲವ್ವನೇ ಜೊತೆಗಿದ್ದಳು. ಮರುದಿನ ಬೆಳಗಿನ ಹತ್ತು ಗಂಟೆಗೆ ಸಿಸ್ಟರ್ ನನ್ನನ್ನು ಹಿಡಿದರು. ಎಡಪಾಪೆ ಕುಗ್ಗಿತು. ಬಲಪಾಪೆ ಮಾತ್ರ ಕಣ್ಣು ತುಂಬ ಕಪ್ಪಾಗಿ ಅರಳಿ ಅಲ್ಲಾಡದೆ ನಿಂತಿತ್ತು. ನಾನು ಎಷ್ಟು ಉರಿದರೂ ಅದು ಕದಲಲಿಲ್ಲ.

ಡಾಕ್ಟರು ಓಡಿ ಬಂದರು. ತಲೆಬುರುಡೆ ತೆರೆಯಬೇಕೆಂದು ಆಪರೇಶನ್ ತೇಟರಿಗೆ ಹೇಳಿ ಕಳಿಸಿದರು.

"ಸರ್," ಎಂದರು ಸಿಸ್ಟರ್, "ಹುಡುಗಿ ಎಚ್ಚರ ಅದಾಳ. ಈಗ ನನಗ ಚಹಾ ಬೇಡಿದ್ಳು. ಮಿದುಳು ಒತ್ತಿದ್ರ ಮೊದಲ ಎಚ್ಚರ ತಪ್ಪತಿತ್ತು. ಇದು ಹೊಂದಿ ಬರವಲ್ದು. ಐದು ನಿಮಿಷ ಕೊಡ್ರಿ."

"ತೇಟರ್ ತಯಾರಾಗೂತನಕ. ಒಂದು ನಿಮಿಷ ಹೆಚ್ಚಿಲ್ಲ."

ನೀಲವ್ವ ಗೋಡೆಗೆ ಆತು ನೆಲದ ಮೇಲೆ ಕುಳಿತಿದ್ದಳು. ಸಿಸ್ಟರ್ ನಿಂತು ಕೇಳಲಿಲ್ಲ. ಬಿಳಿ ಸೀರೆಯಲ್ಲೇ ಆಕೆಯ ಪಕ್ಕಕ್ಕೆ ಕುಳಿತು, ಆಕೆಯ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡರು. ಉಗುರುಗಳ ಸಂದಿಯಲ್ಲಿ ಹಸಿರು ಕರೆಯಿತ್ತು.

"ಆಯಿ, ಹುಡುಗಿ ಹಣಿ ಬಾತದ್ದಕ್ಕ ಏನ ಹಚ್ಚಿದ್ರಿ? ನಮ್ಮವ್ವನೂ ಹಚ್ಚತಿದ್ಳು."

ಮುದುಕಿ ಕೈ ಹಿಂದಕ್ಕೆ ಎಳೆದುಕೊಂಡಳು. "ನನ್ನ ಹೊರಗ ಹಾಕತಾರೇನವಾ?"

"ಯಾರೂ ಹಾಕೂದಿಲ್ಲ. ನಾ ಅದೀನಿ."

"ಮದಗುಣಕಿ ಎಲಿ. ನೀವು ಆ ಕಡಿ ಹೋದಾಗ ತಿಕ್ಕಿದ್ನಿ. ಕಣ್ಣಾಗ ಪಿಸರು ಕಂಡ್ತು, ಅದ ಕೈಲೇ ಒರಸಿದ್ನಿ. ಕೂಸಿನ್ನ ನಾನ ಕೊಂದ್ನೇನ ಯವ್ವಾ?"

ಮದ್ದುಗುಣಿಕೆಯ ರಸ ಕಣ್ಣಿಗೆ ತಗುಲಿದರೆ ಪಾಪೆ ಅರಳಿ ದಿನಗಟ್ಟಲೆ ಹಾಗೆಯೇ ನಿಲ್ಲುತ್ತದೆ. ಸಿಸ್ಟರ್ ಹೇಳಿದ್ದನ್ನು ಕೇಳಿ ಡಾಕ್ಟರು ಒಡನೆ ಇನ್ನೊಂದು ಸ್ಕ್ಯಾನ್ ಮಾಡಿಸಿದರು. ರಕ್ತ ಹೆಚ್ಚಿರಲಿಲ್ಲ. ಶಸ್ತ್ರಕ್ರಿಯೆ ನಿಂತಿತು. ಆದರೆ ಅಪಾಯ ಕಳೆದಿರಲಿಲ್ಲ. ರಕ್ತ ಯಾವಾಗ ಹೆಚ್ಚೀತೋ ಹೇಳಬರುವಂತಿರಲಿಲ್ಲ, ಬಲಗಣ್ಣು ಇನ್ನು ಸಾಕ್ಷಿ ಹೇಳಲಾರದು. ನಾನಿದ್ದೂ ಅರ್ಧ ಕುರುಡ. ಸಿಸ್ಟರ್ ತಮ್ಮ ಕೈಗಳನ್ನೇ ನಂಬಿದರು. ಕಾಲುಗಂಟೆಗೊಮ್ಮೆ ನಾಡಿ ಹಿಡಿದರು, ಹುಡುಗಿಯ ಎರಡೂ ಕೈಯಿಂದ ತಮ್ಮ ಬೆರಳು ಹಿಸುಕಿಸಿ, ಬಲ ಒಂದೇ ಸಮ ಇದೆಯೋ ಎಂದು ನೋಡಿದರು, ಹೆಸರು ಕೇಳಿದರು.

"ಎಷ್ಟ ಸಲ ಕೇಳ್ತಿ?" ಎಂದು ಹುಡುಗಿ ಸಿಡುಕಿದಳು. "ಬರದ ಇಟ್ಕೋ."

"ಬರದೀನವಾ. ಆದ್ರೂ ನಿನ್ನ ಬಾಯಿಲೇ ಕೇಳಬೇಕು."

ತಮ್ಮ ಪಾಳಿ ಮುಗಿದರೂ ಅವರು ಮನೆಗೆ ಹೋಗಲಿಲ್ಲ. ನೀಲವ್ವ ಮಾತ್ರ ಹುಡುಗಿಯ ಹತ್ತಿರ ಸುಳಿಯಲಿಲ್ಲ. ತನ್ನ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಲ್ಲೇ ಕೂತಳು, ಕೊಟ್ಟ ರೊಟ್ಟಿಯನ್ನು ಮುಟ್ಟಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಬಲಪಾಪೆ ಮೊದಲ ಸಲ ಮಿಸುಕಿತು. ಸಿಸ್ಟರ್ ಯಾರಿಗೂ ಹೇಳಲಿಲ್ಲ. ಬಾಗಿಲಿಗೆ ಹೋಗಿ ನೀಲವ್ವನನ್ನು ಎಬ್ಬಿಸಿ ತಂದು, ಆಕೆಯ ಕೈ ತೊಳೆಸಿ, ನನ್ನನ್ನು ಆ ಕೈಗೆ ಕೊಟ್ಟರು.

"ಒತ್ರಿ ಆಯಿ. ನೀವ ನೋಡ್ರಿ."

ಮುದುಕಿ ನನ್ನನ್ನು ಒತ್ತಿದಳು. ನನ್ನ ಬೆಳಕು ಮೂಗಿನ ಮೇಲೆ, ಹುಬ್ಬಿನ ಮೇಲೆ ಓಡಾಡಿ ಕಣ್ಣಿಗೆ ಬಂತು.

"ಸಣ್ಣಾತು," ಎಂದಳು ಮೆಲ್ಲಗೆ. "ಯವ್ವಾ, ಸಣ್ಣಾತು."

ಆರಿಸುವುದು ತಿಳಿಯದೆ ನನ್ನನ್ನು ಹಾಗೆಯೇ ಮೇಲೆತ್ತಿದಳು. ಬೆಳಕು ಎಸ್ತೇರ್ ಸಿಸ್ಟರ್ ಮುಖಕ್ಕೆ ಬಿತ್ತು. ಆರು ವರುಷ ಅವರ ಕಿಸೆಯಲ್ಲಿದ್ದೂ ನಾನು ಅವರ ಕಣ್ಣು ಕಂಡಿರಲಿಲ್ಲ. ನನ್ನ ಮುಖ ಸದಾ ಮಕ್ಕಳ ಕಡೆಗೇ ಇತ್ತು. ನಿದ್ದೆಗೆಟ್ಟು ಕೆಂಪಾದ ಕಣ್ಣುಗಳು. ತುಂಬಿದ ನೀರಿನಲ್ಲಿ ಎರಡು ಪಾಪೆಗಳೂ ಒಟ್ಟಿಗೆ ಕುಗ್ಗಿದವು.

ಈಗ ನನ್ನ ಬಲ್ಬು ಸುಟ್ಟಿದೆ. ಅಂಥದು ಪೇಟೆಯಲ್ಲಿ ಸಿಗುವುದಿಲ್ಲ. ನಿವೃತ್ತರಾದಾಗ ಸಿಸ್ಟರ್ ನನ್ನನ್ನು ಬೆಟಗೇರಿಯ ಮನೆಗೆ ತಂದರು. ಹೋದ ವರುಷ ಅವರು ದೇವರ ಪಾದ ಸೇರಿದರು. ಅವರ ತಂಗಿ ನನ್ನನ್ನು ಎಸೆಯದೆ, ಪ್ರಾರ್ಥನೆಯ ಪುಸ್ತಕದ ಬದಿಗೆ ಇಟ್ಟಿದ್ದಾಳೆ. ನಾನು ಕಂಡ ಮಕ್ಕಳೆಲ್ಲ ಎದ್ದು ಮನೆಗೆ ಹೋಗಲಿಲ್ಲ. ಕೆಲವು ಕಣ್ಣುಗಳು ನನ್ನ ಬೆಳಕಿಗೆ ಉತ್ತರ ಕೊಡಲೇ ಇಲ್ಲ. ಆದರೂ ಯಾವ ಮಗುವಿನ ಕಣ್ಣಿಗೂ ಅವರು ನನ್ನನ್ನು ಎದುರಿನಿಂದ ಚುಚ್ಚಿದಂತೆ ಹಿಡಿಯಲಿಲ್ಲ. ಪಕ್ಕದಿಂದ ಮೆಲ್ಲಗೆ ತರುತ್ತಿದ್ದರು. ಅವರು ಹೋಗಿ ಸೇರಿದ ಬೆಳಕೂ ಅವರ ಕಣ್ಣಿಗೆ ಮೆಲ್ಲಗೆ ಬಂದಿರಲಿ.