ಮಲ್ಲಕ್ಕನ ಎಡಗೈ

ಎರಡನೆಯ ಬಳೆಯೂ ಚಟ್ಟೆಂದು ಮುರಿಯಿತು. ಪ್ಯಾರಿ ಬೀ ಚೂರುಗಳನ್ನು ಆಯ್ದು ಪಕ್ಕಕ್ಕಿಟ್ಟು, ಮಲ್ಲಕ್ಕನ ಎಡಗೈಯನ್ನು ಮೆಲ್ಲಗೆ ಅವಳ ಮಡಿಲ ಮೇಲೆ ಇಳಿಸಿದಳು. ಚಿತ್ರದುರ್ಗದ ಗಲ್ಲಿಯೊಂದರಲ್ಲಿ ತಲೆಮಾರುಗಳಿಂದ ಬಳೆ ಮಾರುವ ಮನೆಯವಳು ಪ್ಯಾರಿ ಬೀ. ಎಂಥ ಗಡಸು ಕೈಗೂ ಬಳೆ ಏರಿಸಬಲ್ಲೆನೆಂಬ ಜಂಬ ಅವಳಿಗಿತ್ತು. ಸತ್ತವಳ ಕೈ ಆ ಜಂಬವನ್ನು ಇಳಿಸಿತು.

"ಇನ್ನೊಂದು ಹಾಕು. ಸೋಪು ಜಾಸ್ತಿ ಹಚ್ಚು," ಎಂದಳು ಬಾಗಿಲಲ್ಲಿ ನಿಂತಿದ್ದ ಬಸಮ್ಮ.

"ಕೈ ಸೆಟೆದುಕೊಂಡೈತೆ ಬಸಮ್ಮ. ಇನ್ನೂ ಅಮುಕಿದ್ರೆ ಮೂಳೆ ಮುರಿತೈತೆ."

"ಮುರೀಲಿ ಬಿಡು. ಸತ್ತೋಳಿಗೆ ಏನು ನೋವು."

ತುರುವನೂರಿನ ಮಗ್ಗುಲ ಹಳ್ಳಿ ಅದು. ಮಲ್ಲಕ್ಕನನ್ನು ಮೈ ತೊಳೆದು, ಹಸಿರು ಸೀರೆ ಉಡಿಸಿ, ಜಗಲಿಯ ಮೇಲೆ ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಪಂಚೆಯಿಂದ ಬಿಗಿದಿದ್ದರು. ರಾತ್ರಿ ಮುದ್ದೆ ಉಂಡು ಮಲಗಿದವಳು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಗಂಡನಿಗಿಂತ ಮೊದಲು ಹೋದ ಮುತ್ತೈದೆ. ಅಂಥವಳಿಗೆ ಎರಡೂ ಕೈತುಂಬ ಬಳೆ ತೊಡಿಸಬೇಕು, ಹಣೆಗೆ ಕುಂಕುಮವಿಟ್ಟು ಮಡಿಲಿಗೆ ಅಕ್ಕಿ ತುಂಬಬೇಕು, ಆಮೇಲೆ ಎತ್ತಬೇಕು. ಬಲಗೈಯಲ್ಲಿ ಬಳೆಗಳು ಮೊದಲಿಂದಲೂ ಇದ್ದವು. ತಕರಾರೆಲ್ಲ ಎಡಗೈಯದು.

"ಎಡಗೈ ಬಿಟ್ಟುಬಿಡು, ಪ್ಯಾರಿ ಬೀ."

ಮಾತಾಡಿದವನು ಕಂಬಕ್ಕೆ ಒರಗಿ ಕುಳಿತಿದ್ದ ಗಂಡ ಚಿತ್ರಲಿಂಗಪ್ಪ. ಹೊಳಲ್ಕೆರೆ ಬಸ್ಸಿನಲ್ಲಿ ಜೀವಮಾನವಿಡೀ ಕಂಡಕ್ಟರಾಗಿದ್ದವನ ಗಂಟಲು ಕೊನೆಯ ಸೀಟಿಗೂ ಮುಟ್ಟುತ್ತಿತ್ತು. ಇವತ್ತು ಸಣ್ಣಗೆ ಹೊರಟರೂ ಜಗಲಿಯ ಮೇಲಿದ್ದವರಿಗೆಲ್ಲ ಕೇಳಿಸಿತು.

"ಏನಂದೆ?" ಎಂದಳು ಬಸಮ್ಮ. ಅವಳು ಅವನ ಅಕ್ಕ.

"ಎಡಗೈಗೆ ಬಳೆ ಬ್ಯಾಡ ಅಂದೆ. ಅವಳು ಹಾಕ್ಕಂತಿರ್ಲಿಲ್ಲ. ಇವತ್ತೂ ಬ್ಯಾಡ."

"ಗಂಡ ಕಣ್ಮುಂದೆ ಕುಂತಿರೋವಾಗ ಬೋಳು ಕೈಲಿ ಮಣ್ಣಿಗೆ ಕಳಿಸ್ತೀಯಾ? ಬುದ್ಧಿ ನೆಟ್ಟಗೈತಾ ನಿಂಗೆ?"

"ನೆಟ್ಟಗೈತೆ. ಅದಕ್ಕೇ ಹೇಳ್ತಿರೋದು."

ಪ್ಯಾರಿ ಬೀ ಅಕ್ಕನ ಮುಖವನ್ನೂ ತಮ್ಮನ ಮುಖವನ್ನೂ ನೋಡಿ, ಬಳೆಯ ಗೊಂಚಲನ್ನು ಬುಟ್ಟಿಯೊಳಗೆ ಹಾಕಿಕೊಂಡಳು.

*

ಮಲ್ಲಕ್ಕ ಬಳೆ ತೆಗೆದದ್ದು ರೈಫಲ್ಲಿಗಾಗಿ. ಇದನ್ನು ಊರಿಗೆ ತಿಳಿಸಿ ಹೇಳಲು ಹೋಗಿ ಚಿತ್ರಲಿಂಗಪ್ಪ ಕೈಚೆಲ್ಲಿದ್ದ.

ಸಿರಿಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುವಾಗ ಅವಳು ಎನ್‌ಸಿಸಿ ಸೇರಿ, ನೆಲದ ಮೇಲೆ ಬೋರಲು ಮಲಗಿ ಗುರಿಯಿಟ್ಟು ಹೊಡೆಯುವುದನ್ನು ಕಲಿತಿದ್ದಳು. ದೊಡ್ಡ ಕ್ಯಾಂಪಿಗೆ ಆಯ್ಕೆಯೂ ಆಗಿತ್ತು. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಹೊಸದರಲ್ಲಿ ಒಂದು ದಿನ ಈ ಕತೆಯನ್ನು ಗಂಡನಿಗೆ ಹೇಳಿದ್ದಳು. ಅವನು ನಕ್ಕುಬಿಟ್ಟಿದ್ದ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಮಗನನ್ನು ಸಾಕಿದಳು, ಅಂಗನವಾಡಿಯಲ್ಲಿ ಊರ ಮಕ್ಕಳ ಮೂಗು ಒರೆಸಿದಳು, ತಲೆ ಹಣ್ಣಾಯಿತು.

ಅಂಗನವಾಡಿಯಿಂದ ನಿವೃತ್ತಳಾದ ಬೇಸಿಗೆಯಲ್ಲಿ ಕನ್ನಡಕ ಮಾಡಿಸಲು ಗಂಡನ ಜೊತೆ ಚಿತ್ರದುರ್ಗಕ್ಕೆ ಹೋಗಿದ್ದಳು. ಮುಚ್ಚಿಹೋದ ಶೇಂಗಾ ಎಣ್ಣೆ ಮಿಲ್ಲೊಂದರ ಒಳಗಿಂದ ಟಪ್, ಟಪ್ ಎಂಬ ಸದ್ದು ಬರುತ್ತಿತ್ತು. ಮಲ್ಲಕ್ಕ ರಸ್ತೆಯಲ್ಲೇ ನಿಂತಳು. ಚಿತ್ರಲಿಂಗಪ್ಪ ಬಸ್ಸು ತಪ್ಪುತ್ತದೆಂದು ಅವಸರಿಸಿದರೂ ಕೇಳದೆ ಸೀದಾ ಒಳಗೆ ನಡೆದಳು. ಸೈನ್ಯದಿಂದ ಬಂದಿದ್ದ ಕಿರಣ್‌ಕುಮಾರ್ ಎಂಬವನು ಅಲ್ಲಿ ಏರ್ ರೈಫಲ್ ಕಲಿಸುತ್ತಿದ್ದ.

"ಮೊಮ್ಮಗನ್ನ ಸೇರಿಸಬೇಕಾ ಅಮ್ಮ?" ಎಂದು ಕೇಳಿದ.

"ಇಲ್ಲಪ್ಪ. ನನ್ನ ಸೇರಿಸ್ಕ," ಎಂದಳು.

ಇಲ್ಲಿ ಮಲಗಿ ಹೊಡೆಯುವುದಲ್ಲ, ನಿಂತು ಹೊಡೆಯುವುದು. ದೂರದಲ್ಲಿ ಕಾಗದದ ಮೇಲೆ ನಿಂಬೆಹಣ್ಣಿನಗಲದ ಕಪ್ಪು, ಅದರ ನಡುವೆ ಸಾಸಿವೆಗಿಂತ ಸಣ್ಣ ಬಿಳಿ ಬೊಟ್ಟು. ಉಸಿರನ್ನು ಅರ್ಧ ಬಿಟ್ಟು, ಅರ್ಧ ಹಿಡಿದು, ಬೆರಳು ಎಳೆಯಿತೋ ಇಲ್ಲವೋ ಎಂಬಷ್ಟು ಮೆತ್ತಗೆ ಎಳೆಯಬೇಕು. ಮಲ್ಲಕ್ಕನ ಮೊದಲ ಗುಂಡು ಗೋಡೆಗೆ ಬಡಿಯಿತು. ಎರಡನೆಯದು ಪಕ್ಕದ ಹುಡುಗಿಯ ಕಾಗದವನ್ನು ತೂತು ಮಾಡಿತು. ಆ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಮೂಲೆಯಲ್ಲಿ ಕುಳಿತಿದ್ದ ಚಿತ್ರಲಿಂಗಪ್ಪನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಹೆಂಡತಿ ಮಾತ್ರ ಬೆವರು ಒರೆಸಿಕೊಂಡು ಹೇಳಿದಳು.

"ಕಣ್ಣು ಮುದಿಯಾಗೈತೆ, ಸೊಂಟ ಮುದಿಯಾಗೈತೆ. ಬೆರಳಿಗೆ ಮಾತ್ರ ಎಲ್ಲಾ ನೆನಪೈತೆ."

ರೈಫಲ್ಲಿನ ಭಾರ ಹೊರುವ ಎಡಗೈಗೆ ದಪ್ಪನೆಯ ಕೈಗವಸು ತೊಡಬೇಕು. ಬಳೆಯ ಮೇಲೆ ಅದು ಕೂರುತ್ತಿರಲಿಲ್ಲ. ಕೂರಿಸಿದರೂ ಒಳಗೆ ಗಾಜು ಅಲುಗಿ, ಗುರಿ ಕದಲುತ್ತಿತ್ತು. ಒಂದೆರಡು ವಾರ ಹೆಣಗಾಡಿದ ಮಲ್ಲಕ್ಕ ಪ್ಯಾರಿ ಬೀ ಅಂಗಡಿಗೆ ಹೋಗಿ, ಒಂದೂ ಒಡೆಯದಂತೆ ಬಳೆ ತೆಗೆಸಿಕೊಂಡು ಬಂದಳು. ಖಾಲಿ ಕೈ ಕಂಡು ಚಿತ್ರಲಿಂಗಪ್ಪನ ಎದೆ ಧಸಕ್ಕೆಂದಿತು.

*

"ಬಳೆ ತೆಗೆದ ವರ್ಷದಾಗೇ ನಿನ್ನ ಎದೆಗೆ ಸ್ಟೆಂಟ್ ಹಾಕಿದ್ರು. ಮರೆತ್ಯಾ?" ಎಂದಳು ಬಸಮ್ಮ.

ನೆರೆದ ಹೆಂಗಸರು ಹೌದೆಂದು ತಲೆಯಾಡಿಸಿದರು. ಇದು ಊರಿಗೆಲ್ಲ ಬಾಯಿಪಾಠವಾಗಿದ್ದ ಕತೆ. ಅಷ್ಟರಲ್ಲಿ ಹೂವಿನ ಹಾರ ಹಿಡಿದು ಕಿರಣ್‌ಕುಮಾರ್ ಬಂದ. ಹಾರ ಹಾಕಿ ಕೈಮುಗಿದು ಹಿಂದಕ್ಕೆ ಸರಿಯುವಾಗ ಬಸಮ್ಮ ಬಾಗಿಲಿಂದಲೇ ಅವನನ್ನು ತಡೆದಳು.

"ಏನಪ್ಪ, ಬಂದೂಕಿನ ಮೇಷ್ಟ್ರು ನೀನೇ ಅಲ್ಲವಾ? ಬಳೆ ಬಿಚ್ಚಿಸಿ ನಮ್ಮೋಳಿಗೆ ಏನು ಕೊಡಿಸಿದೆ? ಕಪ್ಪಾ, ಮೆಡಲ್ಲಾ?"

"ಏನೂ ಇಲ್ಲ ಅಮ್ಮ. ಹೋದ ತಿಂಗಳು ದಾವಣಗೆರೆ ಮ್ಯಾಚಲ್ಲಿ ಮಲ್ಲಕ್ಕೋರು ಕೊನೆಗೆ ಬಂದ್ರು."

ಯಾರೋ ಕಿಸಕ್ಕೆಂದರು.

"ಅವತ್ತೇ ಮುಂದಿನ ಮ್ಯಾಚಿಗೆ ಹೆಸರು ಬರೆಸಿ ಬಂದ್ರು," ಎಂದು ಅವನು ಮುಗಿಸಿದ. "ಅದು ಬರೋ ಭಾನುವಾರ ಇತ್ತು."

ಚಿತ್ರಲಿಂಗಪ್ಪನಿಗೆ ದುಃಖ ಆಗ ಉಕ್ಕಿತು, ಬೆಳಗಿನಿಂದ ಬಾರದೇ ಇದ್ದದ್ದು. ದಾವಣಗೆರೆಯಿಂದ ಬರುವಾಗ ಬಸ್ಸಿನಲ್ಲಿ ಮೆಣಸಿನಕಾಯಿ ಮಂಡಕ್ಕಿ ತಿನ್ನುತ್ತ, ಕೊನೆಯ ಗುಂಡು ನಡುಬೊಟ್ಟಿಗೇ ಬಿತ್ತು ನೋಡಿದ್ರಾ ಎಂದು ದಾರಿಯುದ್ದಕ್ಕೂ ಕೇಳಿದ್ದಳು. ಅವನು ನೋಡಿರಲಿಲ್ಲ, ಟೀ ಕುಡಿಯಲು ಹೋಗಿದ್ದ. ನೋಡಿದೆ ಎಂದಿದ್ದ.

ಮಗ ಮಾರುತೇಶ್ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತ. ಹಿರಿಯೂರಿನಲ್ಲಿ ಟೈರಿನ ಅಂಗಡಿ ಇಟ್ಟವನು. ಅವ್ವನ ರೈಫಲ್ ಸುದ್ದಿ ಗೆಳೆಯರ ಬಾಯಿಗೆ ಬೀಳದಿರಲಿ ಎಂದು ಮೂರು ವರ್ಷ ಹೆಣಗಿದವನು.

"ಅಪ್ಪಾ, ಇವತ್ತೊಂದಿನ ಹೂಂ ಅನ್ನು. ಗುಂಡಿ ತೋಡಿ ಆಗೈತೆ. ಜನ ನೋಡ್ತಾವ್ರೆ."

"ನೋಡ್ಲಿ. ಇವಳು ಗುರಿ ಇಡೋವಾಗ ಒಬ್ಬರೂ ಬಂದು ನೋಡ್ಲಿಲ್ಲ. ಈಗಾದ್ರೂ ನೋಡ್ಲಿ."

*

ಎದೆನೋವು ಬಂದದ್ದು ನಿಜ. ಆಸ್ಪತ್ರೆಯ ಮಂಚದ ಮೇಲೆ ಚಿತ್ರಲಿಂಗಪ್ಪ ಮಲಗಿದ್ದಾಗ ಬಸಮ್ಮ ಹಸಿರು ಬಳೆ ತಂದು ಮಲ್ಲಕ್ಕನ ಮುಂದೆ ಇಟ್ಟಿದ್ದಳು. ಮಲ್ಲಕ್ಕ ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ಹೊರಳಿದ. ಸಾವು ಅಷ್ಟು ಹತ್ತಿರ ಬಂದಾಗ ಎಂಥವನಿಗೂ ಧೈರ್ಯ ಉಡುಗುತ್ತದೆ. ಬಳೆಗೂ ಎದೆಗೂ ಏನೋ ಇದ್ದರೂ ಇರಬಹುದು ಎಂದು ಅವನಿಗೇ ಅನ್ನಿಸಿತ್ತು. ಮಲ್ಲಕ್ಕ ಬಳೆ ಹಾಕಿಕೊಂಡಳು. ರೈಫಲ್ ಎರಡನೆಯ ಸಲ ಬಿಟ್ಟುಹೋಯಿತು.

ಮಳೆಗಾಲ ಕಳೆಯಿತು. ಡಾಕ್ಟರು ಅವನನ್ನು ಪರೀಕ್ಷಿಸಿ, ಇನ್ನು ಓಡಾಡಿ ಎಂದರು. ಮಾರನೆಯ ದಿನ ಮಲ್ಲಕ್ಕ ಬಚ್ಚಲಿನಿಂದ ಸೋಪು ತಂದು ಗಂಡನ ಮುಂದೆ ಕುಳಿತು ಎಡಗೈ ಚಾಚಿದಳು.

"ತೆಗೀರಿ."

"ನಾನಾ?"

"ನಿಮ್ಮ ಹೆಸರಲ್ಲೇ ಅಲ್ಲವಾ ಇವು ಇರೋದು. ನೀವೇ ತೆಗೀರಿ. ಹೆದ್ರಿಕೆ ಇದ್ರೆ ಈಗ್ಲೇ ಹೇಳ್ರಿ, ಇನ್ನು ಆ ಕಡೆ ತಲೆ ಹಾಕಲ್ಲ. ಗೋಡೆ ಕಡೆ ಮಾತ್ರ ತಿರುಗಬ್ಯಾಡ್ರಿ."

ಅವನು ಸೋಪು ಹಚ್ಚಿ ಎಳೆದ. ಒಂದು ಬಳೆ ಒಡೆದು ಅವಳ ಮಣಿಕಟ್ಟು ಗೀರಿತು. ಕೊನೆಯದೂ ಜಾರಿ ಬಂತು. ಏನೂ ಆಗಲಿಲ್ಲ. ಚಿತ್ರಲಿಂಗಪ್ಪ ಎದ್ದು ಅಂಗಿ ತೊಟ್ಟು, "ಬಸ್ಸಿಗೆ ಹೊತ್ತಾತು, ಹೋಗಾಣ ನಡಿ," ಎಂದ. ಅವತ್ತಿನಿಂದ ಅವಳ ಕೈಗವಸು, ಶೂಟಿಂಗ್ ಜಾಕೀಟು ಹೊರುವ ಕೆಲಸ ಅವನದಾಯಿತು.

ಹೊರಡುವಾಗ ಒಮ್ಮೆ ಮಲ್ಲಕ್ಕ ನಾದಿನಿಯನ್ನು ಕೆಣಕಿದ್ದಳು. "ಬಸಕ್ಕ, ನೀನೂ ಬಾ. ನಿನಗೆ ಬಳೆ ತೆಗೆಯೋ ಕಷ್ಟನೂ ಇಲ್ಲ." ಬಸಮ್ಮ ಒಂದು ವಾರ ಮಾತು ಬಿಟ್ಟಿದ್ದಳು. ಸಣ್ಣ ವಯಸ್ಸಿಗೇ ಗಂಡ ತೀರಿಕೊಂಡು ತಮ್ಮನ ಮನೆ ಸೇರಿದವಳು ಅವಳು. ಅವಳ ಬಳೆಗಳನ್ನು ಬಾವಿಕಟ್ಟೆಯ ಮೇಲೆ ಕಲ್ಲಿನಿಂದ ಒಡೆದದ್ದನ್ನು ಆಗಿನ್ನೂ ಮೀಸೆ ಚಿಗುರುತ್ತಿದ್ದ ಚಿತ್ರಲಿಂಗಪ್ಪ ಕಣ್ಣಾರೆ ಕಂಡಿದ್ದ. ಅವಳು ಕಿರುಚಿದ್ದೂ ಕೇಳಿದ್ದ.

*

ಹೊತ್ತು ಇಳಿಯಿತು. ಕುಂಕುಮದ ಬಟ್ಟಲು, ಅಕ್ಕಿಯ ಮೊರ ಹಿಡಿದು ನಿಂತ ಮುತ್ತೈದೆಯರು ಬಸಮ್ಮನ ಮುಖವನ್ನೇ ನೋಡುತ್ತಿದ್ದರು.

"ಬೋಳು ಕೈಯೋಳಿಗೆ ಮಡಿಲು ತುಂಬೋ ಪದ್ಧತಿ ನಮ್ಮಲ್ಲಿಲ್ಲ," ಎಂದಳು ಬಸಮ್ಮ.

"ಬಸಮ್ಮ ಹೂಂ ಅಂದ್ರೆ ನಾವು ಸಿದ್ಧ ಕಣಪ್ಪ," ಎಂದು ಅವರು ಮೊರವನ್ನೂ ಬಟ್ಟಲನ್ನೂ ಜಗಲಿಯ ಮೇಲಿಟ್ಟು ಹಿಂದಕ್ಕೆ ಸರಿದರು.

ಚಿತ್ರಲಿಂಗಪ್ಪ ಎದ್ದ. ಮೊರವನ್ನು ಕಂಕುಳಿಗೆ ಇಟ್ಟುಕೊಂಡು, ಬಟ್ಟಲನ್ನು ಕೈಯಲ್ಲಿ ಹಿಡಿದು, ಬಾಗಿಲಿಗೆ ಹೋಗಿ ಅಕ್ಕನ ಮುಂದೆ ನಿಂತ.

"ನೀನೇ ತುಂಬು."

ಬಸಮ್ಮ ಬೆಂಕಿ ಕಂಡವಳಂತೆ ಹಿಂದೆ ಸರಿದಳು. "ಹುಚ್ಚು ಹಿಡೀತಾ? ನಾನು ಕುಂಕುಮ ಮುಟ್ಟಬಾರ್ದು. ಅದಕ್ಕೇ ಬೆಳಗಿಂದ ಹೊಸ್ತಿಲು ದಾಟಿಲ್ಲ."

"ಯಾರು ಹೇಳಿದ್ದು ಮುಟ್ಟಬಾರ್ದು ಅಂತ?"

"ಎಲ್ಲಾರೂ."

"ನಿನ್ನ ಬಳೆ ಒಡೆದೋರು ನಿನ್ನ ಕೇಳಿ ಒಡೆದ್ರಾ ಅಕ್ಕ?"

ಬಸಮ್ಮ ಸೆರಗನ್ನು ಮುಂಗೈಗಳ ಮೇಲೆ ಎಳೆದುಕೊಂಡಳು.

"ಇವಳು ತಾನಾಗೇ ತೆಗೆದ್ಲು. ಇವಳಿಗೆ ಏನೋ ಬೇಕಿತ್ತು, ಅದಕ್ಕೆ ತೆಗೆದ್ಲು. ನಿನಗೆ ಸಿಟ್ಟು ಇರೋದು ಅದಕ್ಕೇ ಅಂತ ನಂಗೊತ್ತು. ಇರ್ಲಿ. ಒಂದೇ ಒಲೆ ಮುಂದೆ ಜೀವ ಸವೆಸಿದೋರು ನೀವಿಬ್ರೂ. ಇವಳ ಮಡಿಲು ತುಂಬೋಕೆ ನಿನಗಿಂತ ಹತ್ತಿರದೋರು ಯಾರವ್ರೆ?"

"ನಾಳೆ ನಿನಗೇನಾದ್ರೂ ಆದ್ರೆ ಊರು ನನ್ನ ಸುಮ್ಮನೆ ಬಿಡ್ತದಾ?"

"ನನಗೆ ಎಪ್ಪತ್ತು ಹತ್ರ ಬಂತು. ಏನಾದ್ರೂ ಆಗೇ ಆಗ್ತದೆ. ಆಗ ಊರಿಗೆ ಹೇಳು, ಅವನೇ ತುಂಬಿಸಿದ ಅಂತ."

ಅಂಗಳದಲ್ಲಿ ಹಾಡುತ್ತಿದ್ದ ಭಜನೆಯವರು ತಾಳ ನಿಲ್ಲಿಸಿ ಇತ್ತ ನೋಡಿದರು. ಮುತ್ತೈದೆಯರಲ್ಲಿ ಒಬ್ಬಳು "ಶಿವಶಿವ" ಎಂದಳು. ಆ ಉದ್ಗಾರ ಕಿವಿಗೆ ಬಿದ್ದದ್ದೇ ತಡ, ಬಸಮ್ಮ ಆ ಕಡೆ ಕೆಕ್ಕರಿಸಿ ನೋಡಿದಳು.

"ಶಿವನ್ನ ಯಾಕೆ ಕರೀತೀಯ? ನಮ್ಮನೆ ಹೆಣ, ನಮ್ಮನೆ ಅಕ್ಕಿ," ಎಂದು ಹೊಸ್ತಿಲು ದಾಟಿ ಬಂದಳು.

ಬಟ್ಟಲಿಗೆ ಬೆರಳು ಅದ್ದಿದಳು. ಎಷ್ಟು ತೆಗೆಯಬೇಕೆಂಬುದೇ ಅವಳಿಗೆ ಮರೆತುಹೋಗಿತ್ತು. ಕುಂಕುಮ ಜಾಸ್ತಿಯಾಗಿ ಮಲ್ಲಕ್ಕನ ಮೂಗಿನ ಮೇಲೂ ಉದುರಿತು. ಅಕ್ಕಿಯನ್ನು ಬೊಗಸೆ ಬೊಗಸೆಯಾಗಿ ಮಡಿಲಿಗೆ ಸುರಿದಳು. ಸುರಿಯುತ್ತ ಸುರಿಯುತ್ತ ಅತ್ತಳು, ಅಳುತ್ತಲೇ ಬೈದಳು. "ಹಟಮಾರಿ ಮುಂಡೆ. ಕೊನೆಗೂ ನಿಂದೇ ನಡೆಸಿಕೊಂಡೆ." ಮೊರ ಖಾಲಿಯಾಗುವ ತನಕ ಅವಳನ್ನು ಯಾರೂ ತಡೆಯಲಿಲ್ಲ.

ಮಾರುತೇಶನೇ ಮೊದಲು ಬಂದು ಕುರ್ಚಿಯ ಕಾಲಿಗೆ ಕೈ ಹಾಕಿದ. ಹೆಣ ಎದ್ದಿತು. ಹೊಲದ ದಾರಿ ಹಿಡಿದಾಗ ನೆರೆಮನೆಯವಳೊಬ್ಬಳು ಹತ್ತಿರ ಸರಿದು, "ಬೆರಳಿಗೆ ಕುಂಕುಮ ಮೆತ್ತೈತೆ, ಒರೆಸ್ಕೊಳ್ರಿ," ಎಂದು ಪಿಸುಗುಟ್ಟಿ ತನ್ನ ಸೆರಗಿನ ತುದಿ ಚಾಚಿದಳು. ಬಸಮ್ಮ ಆ ಸೆರಗನ್ನು ಪಕ್ಕಕ್ಕೆ ತಳ್ಳಿದಳು. ಕೆಂಪಾದ ಬೆರಳನ್ನು ಯಾವುದಕ್ಕೂ ತಾಕಿಸದಂತೆ ಮುಂದೆ ಹಿಡಿದುಕೊಂಡು, ಊರ ಹೆಂಗಸರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ನಡೆದಳು.