ನಲವತ್ತೆರಡನೆಯ ಕೇಳುಗ

ನಾನು ಮಾತಾಡುವಂತಿಲ್ಲ ಎಂದು ಮೊದಲೇ ಹೇಳಿ ಕೂರಿಸಿದ್ದರು. ಸುರಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಶಹಾಪುರಕ್ಕೆ ಬಂದವಳಿಗೆ ಸಿಕ್ಕ ಮರ್ಯಾದೆ ಅದು. ಅಂತರ್ಜಾಲದ ವಿಶ್ವಕೋಶಕ್ಕೆ ನಮ್ಮ ಜಿಲ್ಲೆಯಿಂದ ಬರೆಯುವವರು ತಿಂಗಳಿಗೊಮ್ಮೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಾರೆ. ಅವತ್ತು ಅವರ ಮುಂದಿದ್ದದ್ದು ನಮ್ಮ ಬ್ಯಾಂಡ್ ‘ತಗಡು’. ಅದರ ಬಗ್ಗೆ ಒಂದು ಪುಟ ಇರಬೇಕೋ, ಅಳಿಸಬೇಕೋ ತೀರ್ಮಾನವಾಗಬೇಕಿತ್ತು. ಬ್ಯಾಂಡಿನವರು ತಮ್ಮ ಪರ ತಾವೇ ವಾದಿಸಬಾರದು ಎಂಬುದು ನಿಯಮವಂತೆ.

ನಮ್ಮದು ಪಂಕ್. ಸಿಟ್ಟು ಬಂದದ್ದನ್ನು ಸಿಟ್ಟಿನಲ್ಲೇ ಹಾಡುವುದು ಎಂದರೆ ಸಾಕು. ಬಸು ಗಿಟಾರ್ ಬಾರಿಸುತ್ತಾನೆ, ಮಲ್ಲೇಶ್ವರಿ ಹಾಡುತ್ತಾಳೆ, ಮೋನಮ್ಮ ಎಂಬ ನಾನು ಹಲಗೆ, ಅಂದರೆ ತಮಟೆ, ಬಡಿಯುತ್ತೇನೆ. ಪೋಸ್ಟರ್ ಹಚ್ಚುವುದಿಲ್ಲ, ಯಾರ ಪರವಾನಗಿಯನ್ನೂ ಕೇಳುವುದಿಲ್ಲ. ಫೋನಿನಿಂದ ಫೋನಿಗೆ ಸುದ್ದಿ ಹೋಗುತ್ತದೆ, ಖಾಲಿ ಗೋದಾಮಿನಲ್ಲಿ ಮಂದಿ ಕೂಡುತ್ತಾರೆ.

ಹಲಗೆ ನಮ್ಮಪ್ಪ ಅಯ್ಯಪ್ಪನದು. ಮೂವತ್ತು ವರ್ಷ ಊರವರ ಹೆಣದ ಮುಂದೆ ಬಾರಿಸಿ, ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಅದನ್ನು ಅಟ್ಟಕ್ಕೆ ಎಸೆದಿದ್ದ. ನಾನು ಇಳಿಸಿದಾಗ, “ನಾ ಕಷ್ಟಪಟ್ಟು ಬಿಟ್ಟದ್ದನ್ನ ನೀ ಯಾಕ ಹೆಗಲಿಗೆ ಹಾಕ್ಕೋತಿ?” ಎಂದವನು ಆಮೇಲೆ ಆ ಮಾತೇ ಎತ್ತಿರಲಿಲ್ಲ. ಯಾರೂ ಕರೆಯದೆ, ಯಾರ ಹೆಣಕ್ಕೂ ಅಲ್ಲ, ನಮ್ಮ ಮನಸ್ಸಿಗೆ ಬಂದು ಬಾರಿಸುತ್ತೇವೆ ಎಂದು ಆ ಪುಟದಲ್ಲಿ ಒಂದು ಸಾಲಿತ್ತು. ಅದನ್ನು ಅಪ್ಪನಿಗೆ ತೋರಿಸಬೇಕಿತ್ತು. ನನಗೆ ಬೇಕಾದದ್ದು ಅಷ್ಟೇ.

ಪುಟ ಬರೆದವಳು ಕವಿತಾ, ಶಹಾಪುರದಲ್ಲಿ ಹೈಸ್ಕೂಲ್ ಟೀಚರ್. ಅವಳು ಆಧಾರವೆಂದು ಕೊಟ್ಟದ್ದು ಫೋನಿನಲ್ಲಿ ತೆಗೆದ ಎರಡು ವಿಡಿಯೊ. ಗುಂಪಿನ ಹಿರಿಯರು ಶರಣಕುಮಾರ ಸರ್, ನಿವೃತ್ತ ಹೆಡ್ ಮಾಸ್ತರ್. ತಾರೀಖು, ಜಾಗ, ಲೆಕ್ಕ ಇಲ್ಲದೆ ಒಂದು ವಾಕ್ಯವನ್ನೂ ಬರೆಯದ ಮನುಷ್ಯ.

“ಇವು ಆಧಾರ ಅಲ್ರಿ, ಕವಿತಾ ಮೇಡಂ,” ಎಂದರು ಸರ್. “ಬ್ಯಾಂಡಿಗೆ ಸಂಬಂಧ ಇಲ್ಲದವರು, ನಂಬಿಗಸ್ತ ಮನಷ್ಯಾ, ಅಚ್ಚಾದ ಪೇಪರಿನಾಗ ವಿವರವಾಗಿ ಬರದಿರಬೇಕು. ಅಂಥದ್ದು ಒಂದರ ತೋರಸ್ರಿ. ಇಲ್ಲಾಂದ್ರ ಅಳಸೋಣ.”

ನನಗೆ ಮೈಯೆಲ್ಲ ಉರಿಯಿತು. ಉರಿಯುತ್ತಿರುವಾಗಲೇ ಚೀಲದಲ್ಲಿದ್ದದ್ದು ನೆನಪಾಯಿತು. ನಮ್ಮ ಕಡೆ ಪೇಪರಿನಲ್ಲಿ ಹೆಸರು ಬಂತು ಎಂದರೆ ಶಾಲು ಹೊದ್ದ ಫೋಟೊ ಬಂತು ಎಂದೇ ಅರ್ಥ. ಬೈಸಿಕೊಂಡದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕವಿತಾಗೂ ಹೊಳೆದಿರಲಿಲ್ಲ, ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಲ್ಯಾಮಿನೇಟ್ ಮಾಡಿಸಿದ ಆ ಪೇಪರ್ ತುಂಡನ್ನು ಕವಿತಾಳ ಮುಂದಿಟ್ಟೆ. ಬಾಯಿ ಬಿಡಲಿಲ್ಲ. ಅವಳು ಗಟ್ಟಿಯಾಗಿ ಓದಿದಳು: “ಕಳೆದ ಭಾನುವಾರ ಸಂಜೆ ಐದು ಗಂಟೆಗೆ ಶಹಾಪುರದ ಹಳೆಯ ಹತ್ತಿ ಗೋದಾಮಿನಲ್ಲಿ, ನಲವತ್ತೊಂದು ಜನರ ಎದುರು, ಸುರಪುರದ ‘ತಗಡು’ ಎಂಬ ತಂಡವು ಒಂದೂವರೆ ತಾಸು ಗದ್ದಲ ಎಬ್ಬಿಸಿತು.” ಹೀಗೆ ಪೂರ್ತಿ ಎರಡು ಕಾಲಂ. ಮೂವರ ಹೆಸರು, ವಾದ್ಯ, ಪ್ರತಿ ಹಾಡಿನ ಮೊದಲ ಸಾಲು, ಪ್ರತಿಯೊಂದಕ್ಕೂ ಬೈಗುಳ. ಕೆಲವು ತಿಂಗಳ ಹಿಂದೆ ಜಿಲ್ಲೆಯ ವಾರಪತ್ರಿಕೆಯಲ್ಲಿ ಬಂದ ಲೇಖನ. ಕೆಳಗೆ ಹೆಸರು: ಶರಣಕುಮಾರ.

ನಾವು ಅದನ್ನೇ ಹಾಡು ಮಾಡಿಕೊಂಡಿದ್ದೆವು. ಒಂದಕ್ಷರವನ್ನೂ ಬದಲಿಸಿರಲಿಲ್ಲ. ‘ಗದ್ದಲ ಎಬ್ಬಿಸಿತು’ ಎಂಬಲ್ಲಿ ಇಡೀ ಗೋದಾಮು ದನಿಗೂಡಿಸುತ್ತದೆ.

“ಇದು ಹೊಗಳಿಕಿ ಅಲ್ಲ,” ಎಂದರು ಸರ್.

“ಹೊಗಳಿಕಿ ಬೇಕು ಅಂತ ನಿಯಮದಾಗ ಇಲ್ರಿ, ಸರ್,” ಎಂದಳು ಕವಿತಾ. “ಬರದವರಿಗೆ ಬ್ಯಾಂಡಿನ ಸಂಬಂಧ ಇಲ್ಲ. ಅಚ್ಚಾಗೇದ. ವಿವರ ಅದ. ಇನ್ನ ಬರದವರು ನಂಬಿಗಸ್ತರು ಹೌದೋ ಅಲ್ಲೋ, ನೀವ ಹೇಳ್ಬೇಕ್ರಿ.”

ನಮ್ಮನ್ನು ಅಳಿಸಬೇಕಾದರೆ ಸರ್ ತಮ್ಮನ್ನೇ ಸುಳ್ಳ ಎನ್ನಬೇಕಿತ್ತು. ಆ ಕಾಗದ ಎಳೆದುಕೊಂಡು ಕೆಳಗಿನ ತಮ್ಮ ಹೆಸರಿನವರೆಗೆ ಓದಿದರು. ಆಮೇಲೆ, “ಇರಲಿ. ಪುಟ ಉಳೀಲಿ. ನಲವತ್ತೊಂದು ಕೇಳುಗರು ಅಂತ ಸರಿಯಾಗಿ ಹಾಕ್ರಿ, ನಾನ ಎಣಿಸೀನಿ,” ಎಂದರು.

ಅಲ್ಲಿಗೆ ಸುಮ್ಮನಿದ್ದರೆ ಮುಗಿಯುತ್ತಿತ್ತು. ನನ್ನಿಂದ ಆಗಲಿಲ್ಲ.

“ನಲವತ್ತೆರಡ್ರಿ,” ಎಂದೆ. “ಕಿಟಕಿ ಹೊರಗ ನಮ್ಮಪ್ಪ ನಿಂತಿದ್ದ. ಟವೆಲ್ ಹೊದ್ದು, ಕಡೀತನಕ.”

“ನೀವು ಮಾತಾಡಂಗಿಲ್ಲ. ಅದಕ್ಕ ಆಧಾರ ಏನದ?”

“ನಾ ನೋಡೀನ್ರಿ.”

“ನಡಿಯಂಗಿಲ್ಲ. ಅಚ್ಚಾಗಿದ್ರ ಮಾತ್ರ.”

“ಹಂಗಾದ್ರ ನೀವ ಬರೀರಿ. ನೀವು ಬರದ್ರ ನಡೀತದಲ್ರಿ. ಬೈದ ಕೈಲೇ ಬರೀರಿ, ನಾವು ಬ್ಯಾಡ ಅನ್ನಂಗಿಲ್ಲ.”

ಎದ್ದು ಹೋಗು ಎನ್ನುತ್ತಾರೆಂದು ನಾನು ಹಲಗೆಯ ಚೀಲ ಕೈಗೆತ್ತಿಕೊಂಡೆ. ಸರ್ ಪೆನ್ನು ತೆಗೆದರು.

“ಹೆಸರು?”

“ಅಯ್ಯಪ್ಪ.”

“ಯಾವ ಕಿಟಕಿ? ಎಡದ್ದೋ, ಬಲದ್ದೋ?”

ಮುಂದಿನ ವಾರದ ಪತ್ರಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು. ‘ಕೇಳುಗರು ನಲವತ್ತೆರಡು. ಲೆಕ್ಕದಲ್ಲಿ ಬಿಟ್ಟುಹೋದವರು ಸುರಪುರದ ಅಯ್ಯಪ್ಪ. ಎಡಗಡೆಯ ಕಿಟಕಿಯ ಹೊರಗೆ ನಿಂತಿದ್ದರು. ಸಂಗೀತದ ಬಗ್ಗೆ ಲೇಖಕನ ಅಭಿಪ್ರಾಯ ಬದಲಾಗಿಲ್ಲ.’

ಮನೆಗೆ ತಂದು ಅಪ್ಪನ ಮುಂದೆ ಹಿಡಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ನಾನು ಅವನನ್ನು ನೋಡಿದ್ದೆ ಎಂಬುದು ಅವನಿಗೆ ಗೊತ್ತಾದದ್ದೇ ಆಗ.

“ಹೊರಗ ಅಂತ ಯಾಕ ಹಾಕ್ಯಾರ?” ಎಂದು ಕೇಳಿದ.

“ನೀ ಹೊರಗ ನಿಂತಿದ್ದ್ಯಲ್ಲಪ್ಪಾ.”

ಕಾಗದ ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

“ಮುಂದಿನ ಸಲ ಒಳಗ ಕುಂದ್ರತೀನಿ. ಅದನ್ನೂ ಬರಿ ಅಂತ ಹೇಳು, ಆ ಮಾಸ್ತರಗ.”